ನಡುವಿನ ಕುರ್ಚಿ ಖಾಲಿ

ಮೈಕಿನಲ್ಲಿ ಅವಳದೇ ದನಿ ಗುಂಯ್ ಎಂದು ತಿರುಗಿ ಬರುತ್ತಿದೆ, ಮುಂದಿನ ಸಾಲಿನಲ್ಲಿ ಅಪ್ಪ ಜಟ್ಟೆಪ್ಪ, ಒಂದು ಕುರ್ಚಿ ಬಿಟ್ಟು ಕಾಕಾ ಲಗಮಪ್ಪ, ನಡುವಿನದು ಪ್ರಜ್ಞಾಳದು, ವೇದಿಕೆ ಸಣ್ಣದು, ಭಾಷಣ ಮುಗಿಸಿ ಅಲ್ಲೇ ಹೋಗಿ ಕೂರಬೇಕು — ಅಂತರರಾಷ್ಟ್ರೀಯ ವ್ಯಾಪಾರ ವ್ಯಾಜ್ಯಗಳ ಪ್ರೊಫೆಸರ್ ಎಂದು ಸವದತ್ತಿಯ ಈ ಕಾಲೇಜು ಶಾಲು ಹೊದಿಸಿದೆ, ಶಾಲಿನೊಳಗೆ ಧಾರಾಕಾರ ಬೆವರು, ಗೆಳೆಯರೇ, ಮೊದಲ ತತ್ವ, ಒಂದು ದೇಶಕ್ಕೆ ಕೊಟ್ಟ ರಿಯಾಯಿತಿಯನ್ನು ಉಳಿದ ಸದಸ್ಯ ದೇಶಗಳಿಗೂ ಕೊಡಬೇಕು, ಅಂದ ಕೂಡಲೇ ಕಾಕಾ ಗೋಣು ಹಾಕಿದ, ಹಾಕದೆ ಏನು, ಪ್ರಜ್ಞಾಳ ಜವಳದ ದಿನ, ಮೊದಲ ಕೂದಲು ತೆಗೆಸಿ ಅಪ್ಪ ಬಂಧುಗಳಿಗೆ ಆಯೇರಿಯ ಬಟ್ಟೆ ಕೊಡುವಾಗ ಸೋದರಮಾವನಿಗೆ ಜರಿಯಂಚಿನ ರುಮಾಲು, ಒಡಹುಟ್ಟಿದ ತಮ್ಮನಿಗೆ ಕೈ ಒರೆಸುವಂಥ ಟವೆಲ್ಲು, ಅವತ್ತು ಅಣ್ಣ ತಮ್ಮ ಮಾತು ಬಿಟ್ಟರು, ಇವಳು ಮಾತು ಕಲಿತಳು, ಒಂದೇ ಕಟ್ಟೆಯ ಮೇಲೆ ಕೂತೂ ಎಲ್ಲ ಹುಡುಗಿಯ ಮೂಲಕವೇ — ಪ್ರಜ್ಞಾ, ನಿಮ್ಮ ಕಾಕಾಗ ಹೇಳು, ಅವನ ಎಮ್ಮಿ ನನ್ನ ಬಣಿವಿ ಮೇಯಾಕ ಹತ್ತೇತಿ, ಮಾಲಕಗ ಬುದ್ಧಿ ಇಲ್ಲಂದ್ರ ಎಮ್ಮಿಗರೆ ಬ್ಯಾಡೇನು. ನಿಮ್ಮಪ್ಪಗ ಹೇಳವಾ, ಎಮ್ಮಿಗೆ ಅದ ಟವೆಲ್ ಹೊಚ್ಚಿ ಕಳಸ್ತೇನಿ, ಆಯೇರಿ ಅಂತ ತಿಳ್ಕೊಳ್ಳಲಿ — ಅವಳು ಅಪ್ಪನ ಗುಡುಗು, ಕಾಕಾನ ಮೂಗುದನಿ ಎರಡನ್ನೂ ತದ್ರೂಪ ಒಪ್ಪಿಸುತ್ತಿದ್ದಳು, ಬೈಗುಳಗಳನ್ನಷ್ಟೇ ಗಡಿಯಲ್ಲಿ ಜಪ್ತಿ ಮಾಡಿ, ತನ್ನದೊಂದು ಮಾತು ನುಸುಳಿಸಿ, ಕಾಕಾ, ಅಪ್ಪ ಚಾ ಕುಡೀತಿಯೇನಂತ ಕೇಳ್ಯಾನ, ಕಾಕಾ ಕುಡಿಯುತ್ತಿದ್ದ, ಆ ಕಳ್ಳಸಾಗಣೆಯೇ ಬೆಳೆದು ಪಿಎಚ್‌ಡಿ ಆಯಿತು, ಹತ್ತಿಯ ಜಗಳ, ಸಕ್ಕರೆಯ ಜಗಳ, ಯಾವ ದೇಶ ಯಾವ ದೇಶದ ಮೇಲೆ ಮುನಿದರೂ ಅವಳಿಗೆ ಕಾಣುವುದು ತಮ್ಮೂರು ಸಾಲಹಳ್ಳಿಯ ಅದೇ ಕಟ್ಟೆ — ನಾಳೆ ಬೆಳಗಾವಿಯಲ್ಲಿ ಕಾಕಾನ ಎದೆಯ ಆಪರೇಷನ್, ಇವತ್ತು ಬೆಳಿಗ್ಗೆ ಇಲ್ಲಿಗೆ ಬರುವ ಬಸ್ಸಿನಲ್ಲಿ ಅಪ್ಪ, ಪ್ರಜ್ಞಾ, ಅವಗ ಹೇಳು, ಎಂದವನು ಮುಂದೆ ಹೇಳಲಾರದೆ ಕಿಟಕಿಯಾಚೆ ನೋಡಿದ, ಅದನ್ನು ಹೇಗೆ ಒಯ್ಯಲಿ, ಆ ಸರಕು ಮೂರನೆಯವರ ಕೈಯಲ್ಲಿ ಹೋಗುವಂಥದ್ದಲ್ಲ, ಕಾನೂನು ಕೂಡ ಮೊದಲು ನೀವಿಬ್ಬರೇ ಕೂತು ಮಾತಾಡಿ ಎನ್ನುತ್ತದೆ, ಹುಡುಗರಿಗೆ ವರ್ಷವರ್ಷವೂ ಪಾಠ ಮಾಡುತ್ತಾಳೆ, ಮನೆಯಲ್ಲಿ ಮಾತ್ರ ನಡುವಿನಿಂದ ಎದ್ದವಳೇ ಅಲ್ಲ, ಅವಳಿರುವಾಗ ಅವರಿಗೆ ಮಾತೇಕೆ ಬೇಕು — ಚಪ್ಪಾಳೆ, ಪ್ರಿನ್ಸಿಪಾಲರು ಎದ್ದರು, ಭಾಳ ಛಲೋ ಆತ್ರಿ ಮೇಡಮ್ಮರ, ಬರ್ರಿ, ಕುಂದರ್ರಿ, ಇಲ್ರಿ ಸರ, ಇಲ್ಲೇ ನಿಲ್ಲತೇನಿ, ಪ್ರಶ್ನಿ ಕೇಳ್ರಿ, ಯಾರರೆ ಏನರೆ ಕೇಳ್ರಿ, ಕಾಕಾನಿಗೆ ಕೆಮ್ಮು ಬಂತು, ನಿಲ್ಲುತ್ತಿಲ್ಲ, ಇಳಿದು ಓಡಲೇ, ಬೇಡ, ಅಪ್ಪ ಚೀಲದಿಂದ ನೀರಿನ ಬಾಟಲಿ ತೆಗೆದ, ರೂಢಿಯಂತೆ ಪಕ್ಕಕ್ಕೆ ಚಾಚಿದ, ಪ್ರಜ್ಞಾ, ನಿಮ್ಮ ಕಾಕಾಗ — ಪಕ್ಕದಲ್ಲಿ ಯಾರೂ ಇಲ್ಲ, ಬಾಟಲಿ ಗಾಳಿಯಲ್ಲಿ, ಹಿಂದಿನಿಂದ ಯಾರೋ ಈರುಳ್ಳಿ ರಫ್ತಿನ ಬಗ್ಗೆ ಕೇಳುತ್ತಿದ್ದಾರೆ, ಬಾಟಲಿ ಗಾಳಿಯಲ್ಲಿ, ಅಪ್ಪ ಖಾಲಿ ಕುರ್ಚಿಯ ಮೇಲಿಂದ ಬಾಗಿದ, ಕುಡ್ಯೋ ಲಗಮ್ಯಾ, ಅಪ್ಪನ ದನಿ, ಅವಳ ಅನುಕರಣೆಯಲ್ಲಿ ಎಂದೂ ಇಲ್ಲದ ದನಿ, ಈರುಳ್ಳಿ, ಹೌದು, ಈರುಳ್ಳಿ — ಬಾಟಲಿ ಒಂದು, ಹಿಡಿದ ಕೈ ಎರಡು, ಯಾರೂ ಬಿಡುತ್ತಿಲ್ಲ, ಬಾಟಲಿ ಒಂದು, ಕೈ ಎರಡು, ಬಾಟಲಿ —