ಒಂದೂ ತೆಗೀಬ್ಯಾಡ

ಹೂಳಲೆಂದು ಕುಣಿಯೊಳಗೆ ಕೂಡಿಸಿದ ಸಿದ್ರಾಮಪ್ಪನವರ ತಲೆ ಎಡಕ್ಕೆ ವಾಲಿತು. ಕೆಳಗಿಳಿದಿದ್ದ ಮಾಂತು ಅದನ್ನು ನೆಟ್ಟಗೆ ಮಾಡಿ, ಹಣೆಗೆ ವಿಭೂತಿ ಹಚ್ಚಿ ಮೇಲೆ ಹತ್ತಿ ಬಂದ. ಸುದ್ದಿ ಕೇಳಿದೊಡನೆ ಇಂದಾಪುರದಿಂದ ಬಸ್ಸು ಹಿಡಿದು ಬಂದಿದ್ದನ್ನು ಕಂಡು ಜನ ಗುರುಭಕ್ತಿ ಎಂದುಕೊಂಡರು. ಜನಕ್ಕೇನು, ಬಾಯಿಗೆ ಬಂದದ್ದು ಆಡುತ್ತಾರೆ. ಅವನು ಬಂದದ್ದು ಆ ಮನುಷ್ಯ ನಿಜವಾಗಿಯೂ ಸತ್ತಿದ್ದಾನೆಯೇ ಎಂದು ಕಣ್ಣಾರೆ ನೋಡಲು.

ಇನ್ನು ಮಣ್ಣು ಕೊಡುವುದೊಂದೇ ಬಾಕಿ. ಅದಕ್ಕೂ ಮೊದಲು ಪುಣೆಯ ರೂಢಿಯಂತೆ ಯಾರಾದರೂ ನಾಲ್ಕು ಮಾತಾಡಬೇಕು. ಕಾಲೇಜಿನವರು ಓಂಕಾರನತ್ತ ನೋಡಿದರು. ಅವನು ತೀರಿಕೊಂಡವರ ಅಣ್ಣನ ಮಗ, ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಿದ್ರಾಮಪ್ಪನವರ ಹೆಂಡತಿ ರುದ್ರವ್ವ ಕೈ ಅಡ್ಡ ಮಾಡಿದರು.

"ಅಂವ ಬ್ಯಾಡ. ಮಾಂತು, ನೀ ಮಾತಾಡಪಾ."

"ನಾ ಯಾಕ್ರಿ ಅಮ್ಮಾರ? ಮನಿಯವ್ರು ಅದಾರಲ್ರಿ."

"ಅವ್ರ ಕೈಯಾಗ ಕಲ್ತಾಂವ ನೀನು. ಮಾತಾಡು."

ಮಾಂತು ಕುಣಿಯ ಅಂಚಿಗೆ ಬಂದು ನಿಂತ. ಇಂಥದೊಂದು ದಿನಕ್ಕಾಗಿ ಅವನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದ.

*

ವರ್ಷಗಳ ಹಿಂದೆ ಮಾಂತು, ಸಿದ್ರಾಮಪ್ಪನವರ ಕೈಯಲ್ಲಿ ಓದಿ ಮುಗಿಸಿ, ಆ ಕಾಲೇಜಿನಲ್ಲೇ ತಾಸಿಗಿಷ್ಟು ಎಂದು ಸಂಬಳ ಪಡೆಯುವ ಉಪನ್ಯಾಸಕ. ಕಾಯಂ ಹುದ್ದೆಯೊಂದು ಖಾಲಿಯಾಯಿತು. ಅರ್ಜಿಯ ಜೊತೆಗೆ, ಅವನ ಪಾಠದ ಬಗ್ಗೆ ವಿದ್ಯಾರ್ಥಿಗಳು ಬರೆದುಕೊಟ್ಟ ಅಭಿಪ್ರಾಯಗಳನ್ನೂ ಇಡಬೇಕಿತ್ತು. ಅವನ್ನು ಹಿಡಿದುಕೊಂಡು, ವಿಭಾಗದ ಮುಖ್ಯಸ್ಥರಾಗಿದ್ದ ಸಿದ್ರಾಮಪ್ಪನವರ ಬಿಬವೇವಾಡಿಯ ಮನೆಗೆ ಹೋದ. ಅವರು ಮಾರ್ಕೆಟ್ ಯಾರ್ಡಿನಲ್ಲಿ ದುಡಿಯುತ್ತಲೇ ಓದಿ ಮೇಲೆ ಬಂದ ಮನುಷ್ಯ. ತಮ್ಮ ಕಡೆಯ ಕನ್ನಡದ ಹುಡುಗರಿಗೆ ಕೋಣೆ ಹುಡುಕಿಕೊಡುತ್ತಿದ್ದರು, ಹಬ್ಬಕ್ಕೆ ಊಟಕ್ಕೆ ಕರೆಯುತ್ತಿದ್ದರು. ಅವರನ್ನು ನಂಬದೆ ಇನ್ಯಾರನ್ನು ನಂಬಬೇಕು?

"ಇದೊಂದು ಛಲೋ ಬರದಿಲ್ರಿ ಸರ್. ತೆಗೀಲೇನ್ರಿ?"

"ಒಂದೂ ತೆಗೀಬ್ಯಾಡ. ಒಳ್ಳೇದು ಕೆಟ್ಟದ್ದು ಎರಡೂ ಇಟ್ರನ ಮನಶ್ಯಾ ಪ್ರಾಮಾಣಿಕ ಅಂತ ಕಮಿಟಿಗೆ ಗೊತ್ತಾಗ್ತದ. ನಾನೂ ಇರ್ತೀನಲ್ಲ ಅಲ್ಲಿ."

ಚಹಾ ತಂದ ರುದ್ರವ್ವ, "ಹುಡುಗನ ಅನ್ನದ ಮಾತು. ತೆಗೀಲಿ ಬಿಡ್ರಿ" ಎಂದರು.

"ನಿನಗೇನ್ ತಿಳೀತದ? ಒಳಗ ಹೋಗು."

ಸಂದರ್ಶನದಲ್ಲಿ ಸಿದ್ರಾಮಪ್ಪನವರು ಹೊಗಳಿಕೆಯನ್ನೆಲ್ಲ ಮಗುಚಿ ಹಾಕಿ ಆ ಒಂದನ್ನೇ ಓದಿದರು. ಈ ಸರ್ ಆಡುವ ಮರಾಠಿ ಕೇಳಿ ನಾವು ನಗುವುದರಲ್ಲೇ ತಾಸು ಮುಗಿಯುತ್ತದೆ ಎಂದು ಯಾರೋ ಬರೆದಿದ್ದರು. ಓದಿ ಸುಮ್ಮನಾಗಲಿಲ್ಲ, ಆ ಮರಾಠಿಯನ್ನು ಅಣಕಿಸಿಯೂ ತೋರಿಸಿದರು. ತಮ್ಮದೂ ಅದೇ ಸೀಮೆಯ ನಾಲಿಗೆ ಎಂಬುದು ಆ ಹೊತ್ತಿಗೆ ಮರೆತಿತ್ತು. ಕಮಿಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುದ್ದೆ ಓಂಕಾರನ ಪಾಲಾಯಿತು. ನಂಬಿಸಿ ಕುತ್ತಿಗೆ ಕೊಯ್ದವರು ಹೊರಗೆ ಬಂದು ಮಾಂತುವಿನ ಬೆನ್ನು ತಟ್ಟಿ, ಧೈರ್ಯ ಹೇಳಿ ಕಳಿಸಿದರು.

*

"ಸರ್ ನನಗೊಂದು ಪಾಠ ಕಲಿಸ್ಯಾರ್ರಿ," ಎಂದು ಮಾಂತು ಸುರುಮಾಡಿದ. "ಮಂದಿ ಮುಂದ ಇಡೂದಿದ್ರ ಒಳ್ಳೇದು ಕೆಟ್ಟದ್ದು ಎರಡೂ ಇಡಬೇಕು ಅಂತ. ಅವ್ರ ಮಾತು ನಡಸ್ತೀನಿ."

ಕೋಣೆ ಹುಡುಕಿಕೊಟ್ಟದ್ದು ಹೇಳಿದ, ಹಬ್ಬದ ಹೋಳಿಗೆ ಹೇಳಿದ. ಆಮೇಲೆ ಸಂದರ್ಶನದ ಕತೆಯನ್ನು ಒಂದು ಮಾತೂ ಬಿಡದೆ ಹೇಳಿದ. ಕಾಲೇಜಿನವರಿಗೂ ತಿಳಿಯಲೆಂದು ಅದೇ ತನ್ನ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಓಂಕಾರ ತಲೆ ತಗ್ಗಿಸಿದ.

ಬಳಗದ ಹಿರಿಯ ಬಸವಪ್ರಭು ಮುಂದೆ ಬಂದರು. "ಏನಪಾ ಇದು? ಹೋದವ್ರ ಬಗ್ಗೆ ಹಿಂಗ ಆಡ್ತಾರೇನು?"

"ಇನ್ನೂ ಹೋಗಿಲ್ರಿ. ಕುಂತಾರ, ಕೇಳ್ಲಿ."

ಮಾಂತುವಿಗೆ ನಾಚಿಕೆಯಾಗಲಿಲ್ಲ. ಹೊಟ್ಟೆಯೊಳಗಿನ ಬೆಂಕಿ ತಣ್ಣಗಾಗಿ ಹಾಯೆನಿಸಿತು. ಸುತ್ತಲಿದ್ದವರೆಲ್ಲ ಇದು ಬೇಗ ಮುಗಿದರೆ ಸಾಕೆಂದು ಬಗ್ಗಿ ಮಣ್ಣು ಎತ್ತಿಕೊಂಡರು. ಅವನೂ ಒಂದು ಹಿಡಿ ಎತ್ತಿಕೊಂಡ.

"ನಿಂದು ಮುಗೀತೇನು, ತಮ್ಮಾ?" ರುದ್ರವ್ವ ಕೇಳಿದರು.

"ಮುಗೀತ್ರಿ ಅಮ್ಮಾರ."

"ಹಂಗಾರ ತಡೀರಿ. ಯಾರೂ ಮಣ್ಣು ಹಾಕಬ್ಯಾಡ್ರಿ. ಇನ್ನ ನಂದು ಅದ."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಣಿಯ ಅಂಚಿನಲ್ಲಿ ಗಂಡನಿಗೆ ಮುಖ ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ಸುತ್ತ ನಿಂತವರ ಮುಷ್ಟಿಗಳಲ್ಲಿ ಮಣ್ಣು ಹಾಗೆಯೇ ಉಳಿಯಿತು.