ಮಕ್ಕಳು ಎಷ್ಟು ಎಂಬ ಕಾಲಂ

ಮನವಿ ಟೈಪ್ ಮಾಡಿದವಳು ನಾನೇ. ಹಾಗಾಗಿ ತಪ್ಪೂ ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

೧೯೭೮ರ ಏಪ್ರಿಲ್. ಕಾಪುವಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸಾಗಿ ಎರಡು ವಾರವೂ ಆಗಿರಲಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಟೈಪ್ ಮಾಡುವ ಹುಚ್ಚು. ಆಗಲೇ ನಮ್ಮ ಕ್ರೈಸ್ತರ ಇಗರ್ಜಿಯ ಲಿಗೋರಿ ಮಾಸ್ಟ್ರು, ಮಸೀದಿ ಜಮಾತಿನ ಮೊಯಿದಿನಬ್ಬ ಸಾಹೇಬರು ಸೇರಿ ಒಂದು ಕೆಲಸ ಹಿಡಿದರು. ಗಂಡ ಊರಲ್ಲಿಲ್ಲದ ಹೆಂಗಸರಿಗೂ ರೇಶನ್ ಕಾರ್ಡ್ ಸಿಗಬೇಕು, ಅದಕ್ಕೆ ನಿಯಮ ಬದಲಾಗಬೇಕು ಎಂದು ಶಾಸಕರಿಗೆ ಮನವಿ. ಭಾನುವಾರ ಅವರು ಶಾಲೆಗೆ ಬರುವವರಿದ್ದರು. ಅಷ್ಟರೊಳಗೆ ನೂರು ಹೆಸರು ಬೇಕಿತ್ತು.

ನಾನು ಮೊದಲು ಓಡಿದ್ದು ಶರೀಫಾಳ ಮನೆಗೆ. ಅವಳ ಗಂಡ ಬೊಂಬಾಯಿಗೆ ಹೋಗಿ ನಾಲ್ಕು ವರ್ಷ. ಒಂದು ಕಾಗದವೂ ಇಲ್ಲ. ಕಾರ್ಡ್ ಕೇಳಲು ಹೋದರೆ 'ಯಜಮಾನನ ಸಹಿ ತಾ' ಎನ್ನುತ್ತಿದ್ದರು. ಬೀಡಿ ಕಟ್ಟಿ ಅಂಗಡಿಯ ಅಕ್ಕಿ ಕೊಳ್ಳಬೇಕು. ಮೂರು ಮಕ್ಕಳು ವಾರದಲ್ಲಿ ಎರಡು ದಿನ ಬರೀ ಗಂಜಿತಿಳಿ ಕುಡಿದು ಮಲಗುತ್ತಿದ್ದವು.

ಶರೀಫಾ, ನೆರೆಯ ರತ್ನಾವತಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು.

"ಶರೀಫಾಕ್ಕ, ಇಲ್ಲಿ ಒಂದು ಹೆಬ್ಬೆಟ್ಟು ಒತ್ತಿ. ಕಾರ್ಡ್ ಸಿಗ್ಲಿಕ್ಕುಂಟು!"

"ಎಂತ ಬರ್ದದ್ದು ಅದ್ರಲ್ಲಿ?"

ನಾಲ್ಕನೇ ಕ್ಲಾಸು ಓದಿದ್ದ ರತ್ನಾವತಿ ಕಾಗದ ಎಳೆದುಕೊಂಡು ಅಕ್ಷರ ಕೂಡಿಸಿದಳು. "ಕು...ಟುಂಬದ ವಿವರ. ಮಕ್ಕಳು ಎ...ಷ್ಟು." ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಕುಟುಂಬ ಯೋಜನೆಯದ್ದಾ ಬಾಯಮ್ಮ?" ಕ್ರೈಸ್ತ ಹುಡುಗಿಯಾದ ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

"ಅಲ್ಲ ಮಾರಾಯ್ತಿ, ರೇಶನ್ನಿನದ್ದು!"

"ಅವತ್ತೂ ಹೀಗೇ ಹೇಳಿದ್ದು. ಸಾಲ ಕೊಡ್ತೇವೆ, ಮಕ್ಕಳೆಷ್ಟು ಹೇಳಿ ಅಂತ ಬರ್ಕೊಂಡು ಹೋದ್ರು. ಮರುದಿನ ನಮ್ಮವರನ್ನು ಬಸ್ ಸ್ಟ್ಯಾಂಡಿನಿಂದಲೇ ಜೀಪಿಗೆ ಹಾಕಿದ್ರು. ಆಪರೇಶನ್ ಮಾಡಿಯೇ ಬಿಟ್ಟದ್ದು."

"ಎಮರ್ಜೆನ್ಸಿ ಮುಗೀತಲ್ಲ ರತ್ನಕ್ಕ."

"ಜೀಪು ಉಂಟಲ್ಲ ಇನ್ನೂ."

ಶರೀಫಾ ಕಾಗದವನ್ನು ಮಡಚಿ ಬೀಡಿಯೆಲೆಯ ಅಡಿಗೆ ತಳ್ಳಿದಳು. "ಇದು ನನ್ನ ಹತ್ತಿರವೇ ಇರ್ಲಿ. ನಾಳೆ ಏನಾದ್ರೂ ಆದ್ರೆ ಸಾಕ್ಷಿಗೆ ಬೇಕು."

ಸಂಜೆಯೊಳಗೆ ಸುದ್ದಿ ಉಚ್ಚಿಲದವರೆಗೆ ಹೋಗಿತ್ತು. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಮೊಯಿದಿನಬ್ಬ ಸಾಹೇಬರು ಎರಡು ದಿನ ಈ ಕಡೆ ಬರಲೇ ಇಲ್ಲ; ಇವರೇ ಒಳಗಿಂದೊಳಗೆ ಹೆಂಗಸರಿಗೆ ಹೆಸರು ಕೊಡಬೇಡಿ ಎನ್ನುತ್ತಿರಬೇಕೆಂದು ನನಗೆ ಸಂಶಯ. ಮೂರನೇ ದಿನ ಕೊಡೆ ಊರಿಕೊಂಡು ಬಂದರು.

"ಮಾಸ್ಟ್ರೇ, ಆ ಕಾಲಂ ಹಾಕಿದ್ದು ಯಾರು? ಇಗರ್ಜಿಯವರಾ, ಸರಕಾರದವರಾ?"

"ನೀವು ಹೇಳಿ ಹಾಕಿಸಿದ್ದು ಅಂತ ನಾನು ಗ್ರಹಿಸಿದ್ದೆ," ಎಂದರು ಲಿಗೋರಿ ಮಾಸ್ಟ್ರು, ಅಷ್ಟೇ ಬಿಗಿಯಾಗಿ.

ಇಬ್ಬರೂ ನನ್ನ ಕಡೆ ತಿರುಗಿದರು.

"ಫಾರಂ ಚಂದ ಕಾಣ್ಲಿ ಅಂತ..." ಎಂದೆ.

"ಚಂದ!" ಎಂದು ಸಾಹೇಬರು ಹಣೆ ಚಚ್ಚಿಕೊಂಡರು.

ಕಾಲಂ ತೆಗೆದು ಹೊಸದು ಟೈಪ್ ಮಾಡಿದೆ. ಅದು ಇನ್ನೂ ಕೆಟ್ಟದಾಯಿತು. "ಯಾಕೆ ತೆಗ್ದದ್ದು? ಕಳ್ಳತನದಲ್ಲಿ ಬೇರೆ ಕಡೆ ಬರ್ಕೊಂಡ್ರಾ?" ಎಂದು ಹೆಂಗಸರು ಕೇಳಿದರು. ಭಾನುವಾರಕ್ಕೆ ಹನ್ನೊಂದು ಹೆಸರು. ಅದರಲ್ಲಿ ನಾಲ್ಕು ನಮ್ಮ ಮನೆಯವರದ್ದೇ.

ಶಾಸಕರು ಕಾಗದ ತಿರುಗಿಸಿ ನೋಡಿದರು. "ಹನ್ನೊಂದು ಜನಕ್ಕೋಸ್ಕರ ನಾನು ವಿಧಾನಸಭೆಯಲ್ಲಿ ಎದ್ದು ನಿಲ್ಲುದು ಹೇಗೆ ಮಾಸ್ಟ್ರೇ?"

ಹಿಂದಿನ ಗೋಡೆಗೆ ಒರಗಿ ಮೂವತ್ತು ನಲವತ್ತು ಹೆಂಗಸರು ನಿಂತಿದ್ದರು. ಏನು ಮಾಡುತ್ತಾರೋ ನೋಡಲು ಬಂದವರು, ಬಾಯಿ ಬಿಡುವವರಲ್ಲ. ಅವರ ನಡುವಿನಿಂದ ಶರೀಫಾ ತಲೆಯ ಬಟ್ಟೆ ಸರಿಪಡಿಸಿಕೊಳ್ಳುತ್ತ ಬಂದಳು. ಹಳೆಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ನನಗೆ ಕಾರ್ಡ್ ಬೇಕು. ಹೆಸರು ಕೊಡ್ತೇನೆ. ಆದ್ರೆ ಮೊದಲು ನೀವು ಬರೀರಿ."

"ನಾನಾ?"

"ಹೌದು. ಹೆಸರು, ಮಕ್ಕಳೆಷ್ಟು, ಸೈನು. ನಿಮಗೆ ಹೆದರಿಕೆ ಇಲ್ಲದಿದ್ರೆ ನಮಗೂ ಇಲ್ಲ."

ಜೊತೆಗಿದ್ದ ಗುಮಾಸ್ತ ಗದರಲು ಎದ್ದ. ಶಾಸಕರು ಅವನನ್ನು ತಡೆದು ಪೆನ್ನು ತೆಗೆದರು. ಬರೆದದ್ದನ್ನು ರತ್ನಾವತಿ ಬಗ್ಗಿ ನೋಡಿದಳು.

"ಆರು ಮಕ್ಕಳಾ! ಜೀಪು ಇವರ ಮನೆಗೆ ಹೋಗ್ಲೇ ಇಲ್ವಾ?"

ಶಾಲೆಯ ಹೆಂಚು ಹಾರುವಷ್ಟು ನಗು. ಶಾಸಕರ ಕಿವಿ ಕೆಂಪಾಯಿತು. ಶರೀಫಾ ಮಾತ್ರ ನಗಲಿಲ್ಲ. ಹೆಬ್ಬೆಟ್ಟು ಒತ್ತಿ ಅಲ್ಲೇ ನಿಂತಳು. ಅವಳ ಹಿಂದೆ ಸಾಲು ಬೆಳೆಯಿತು.

"ಸಭೆಯಲ್ಲಿ ಯಾವಾಗ ಕೇಳ್ತೀರಿ?" ಎಂದಳು ಶರೀಫಾ.

"ಜುಲೈಯಲ್ಲಿ ಸಭೆ ಉಂಟಮ್ಮ."

"ಆಟಿ ತಿಂಗಳಲ್ಲಾ? ಆ ಮಳೆಗೆ ಬೀಡಿಯೆಲೆ ಬೂಸ್ಟು ಹಿಡೀತದೆ, ಕೆಲಸವೇ ಇರುದಿಲ್ಲ. ಅಷ್ಟರವರೆಗೆ ಮಕ್ಕಳು ನಿಮ್ಮ ಸೈನು ತಿನ್ಬೇಕಾ?"

ಮೊಯಿದಿನಬ್ಬ ಸಾಹೇಬರು ಸೂರು ನೋಡುತ್ತಿದ್ದರು. ಶಾಸಕರು ಪೆನ್ನಿನ ಮುಚ್ಚಳ ತಿರುಗಿಸಿ, ಹೆಬ್ಬೆಟ್ಟುಗಳ ಕೆಳಗೆ ಎರಡು ಸಾಲು ಬರೆದರು. ಗುಮಾಸ್ತ ಕಾಗದಕ್ಕೆ ಕೈಚಾಚುವ ಮೊದಲೇ ಶರೀಫಾ ಎತ್ತಿಕೊಂಡಳು.

"ಇದು ನನ್ನದು. ನಿಮಗೆ ಬೇಕಾದ್ರೆ ಬಾಯಮ್ಮ ಕಾಪಿ ಮಾಡಿ ಕೊಡ್ತಾಳೆ."

ನಾನು ಓಡಿಹೋಗಿ ಅವಳ ಹೆಗಲ ಮೇಲಿಂದ ಓದಿದೆ. "ಜೂನ್ ಹತ್ತರೊಳಗೆ ಇವರನ್ನು ಕರೆದುಕೊಂಡು ನಾನೇ ರೇಶನ್ ಕಚೇರಿಗೆ ಹೋಗುತ್ತೇನೆ! ಹಾಗೇ ಬರ್ದಿದ್ದಾರೆ ಶರೀಫಾಕ್ಕ, ಸೈನೂ ಉಂಟು!"

ಶರೀಫಾ ನನ್ನನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ರತ್ನಾವತಿಯ ಕೈಗೆ ಕೊಟ್ಟಳು.

"ನೀನು ಓದು."