ರಫೂಗಾರನ ಸಾಕ್ಷಿ

ಹರಿದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಲವತ್ತು ವರ್ಷದಿಂದ ರಫೂ ಮಾಡುವವನು ನಾನು. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಹರಿದಲ್ಲಿ ಒಂದೊಂದಾಗಿ ನೇಯ್ದು, ಹರಿದೇ ಇರಲಿಲ್ಲವೇನೋ ಎನ್ನುವ ಹಾಗೆ ಮಾಡಿ ಕೊಡುವುದು ನನ್ನ ಕಸುಬು. ಈ ಒಂದು ವಿದ್ಯೆ ಬಿಟ್ಟರೆ ನನ್ನ ತಲೆಯಲ್ಲಿ ಇನ್ನೇನೂ ಇಲ್ಲವೆಂದು ನನ್ನ ಹೆಂಡತಿ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳು ಕಡಿಮೆ.

ಮಗಳಿಗೂ ಅದೇ ಕೆಲಸ ಕಲಿಸಿದ್ದೆ. ಅಂಗಡಿಯ ಕಿಟಕಿ ಪಕ್ಕದ ಸ್ಟೂಲು ಅವಳದು, ಒಳಗಿನದು ನನ್ನದು. ಬಣ್ಣ ಹೊಂದಿಸುವುದರಲ್ಲಿ ಅವಳು ನನ್ನನ್ನೂ ಮೀರಿಸಿದ್ದಳು. ನಾನು ಕಪ್ಪು ಎಂದರೆ, "ಯಾವ ಕಪ್ಪು ಅಪ್ಪ, ಇದರಲ್ಲಿ ನಾಲ್ಕಿದೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನಮ್ಮ ಬೀದಿಯ ವಾಚನಾಲಯಕ್ಕೆ ಐವತ್ತು ವರ್ಷ ತುಂಬಿತೆಂದು ಒಂದು ಸಂಜೆ ಎಲ್ಲರೂ ಸೇರಿದ್ದೆವು. ಬೀದಿಯಲ್ಲೇ ಕುರ್ಚಿ ಹಾಕಿ, ಮಕ್ಕಳಿಂದ ಹಾಡು ಹೇಳಿಸಿ, ಹಳೆಯ ಮೇಷ್ಟ್ರೊಬ್ಬರಿಂದ ಭಾಷಣ ಮಾಡಿಸಿದರು. ಮೈಕಿಗೆ ಏಳು ಗಂಟೆವರೆಗೆ ಅನುಮತಿ ಇತ್ತು. ಏಳೂಕಾಲಾದರೂ ಮೇಷ್ಟ್ರು ಮೈಕು ಬಿಡಲಿಲ್ಲ. ಅಷ್ಟಕ್ಕೇ ಪೊಲೀಸರ ವ್ಯಾನು ಬಂತು. ಯಾರೋ ಮಾತಿಗೆ ಮಾತು ಬೆಳೆಸಿದರು, ಯಾರೋ ತಳ್ಳಿದರು, ಪೊಲೀಸರು ಲಾಠಿ ಬೀಸಿದರು. ಮಗಳು ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಒಬ್ಬ ಪೊಲೀಸಿನವನ ಲಾಠಿ ಅವಳ ಬಲಗಣ್ಣಿಗೆ ಬಿತ್ತು. ಕೆಳಗೆ ಕುಸಿದವಳ ಬೆನ್ನಿಗೆ ಅವನೇ ಬೂಟುಗಾಲಲ್ಲಿ ಒದ್ದ. ನಾನು ಕುರ್ಚಿಗಳ ಆಚೆ ಇದ್ದೆ. ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಣ್ಣು ಉಳಿಯಲಿಲ್ಲ. ಪೊಲೀಸರು ತಮ್ಮ ಕಾಗದದಲ್ಲಿ, ನೂಕುನುಗ್ಗಲಿನಲ್ಲಿ ಹುಡುಗಿ ವಾಚನಾಲಯದ ಮೆಟ್ಟಿಲ ಮೇಲೆ ಬಿದ್ದಳು ಎಂದು ಬರೆದರು.

ಆಸ್ಪತ್ರೆಯವರು ಅವಳ ಅಂಗಿಯನ್ನು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ತಿಳಿಹಳದಿ ಹತ್ತಿಯ ಅಂಗಿ. ಎದೆಯ ಮೇಲೆ ರಕ್ತ. ಬೆನ್ನಿನ ಮೇಲೆ ಬೂಟಿನ ಅಚ್ಚು, ಹಲ್ಲುಹಲ್ಲಾಗಿ, ಅದರ ಹಿಮ್ಮಡಿಯ ಜಾಗದಲ್ಲಿ ಬಟ್ಟೆ ಮೂಲೆಯಾಕಾರಕ್ಕೆ ಹರಿದಿತ್ತು. ಒಂಬತ್ತು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಹೊತ್ತು ಹೋಗದೆ, ಅಳು ಬಾರದೆ, ಎರಡನೆಯ ದಿನ ನಾನು ಆ ಅಂಗಿಯನ್ನು ನೆನೆಸಿ ಒಗೆದೆ. ಮೂರನೆಯ ದಿನದಿಂದ ರಫೂ ಮಾಡಲು ಕೂತೆ. ನನ್ನ ಜನ್ಮದಲ್ಲಿ ಅಂಥ ಕೆಲಸ ಮಾಡಿರಲಿಲ್ಲ. ಮುಗಿಸಿ ಬೆಳಕಿಗೆ ಹಿಡಿದಾಗ ಹರಿದ ಜಾಗ ನನಗೇ ಸಿಗಲಿಲ್ಲ. ಮಗಳು ಮನೆಗೆ ಬಂದಾಗ ಹೊಸದರ ಹಾಗೆ ಇರಲಿ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಒಂದು ತಿಂಗಳ ಮೇಲೆ ಲಾಯರಮ್ಮನ ಕಚೇರಿಗೆ ಹೋದೆವು. ಫೈಲುಗಳ ನಡುವೆ ಮುಖವಷ್ಟೇ ಕಾಣುವ ಚಿಕ್ಕ ಹೆಂಗಸು, ಮಾತು ಮಾತ್ರ ದೊಡ್ಡದು.

"ನೋಡಿ ಯಜಮಾನ್ರೇ, ದಾರಿ ಮೂರಿದೆ. ಮೇಲಧಿಕಾರಿಗಳಿಗೆ ದೂರು ಕೊಡಬಹುದು, ಆದ್ರೆ ವಿಚಾರಣೆ ಮಾಡೋರೂ ಅವರೇ. ಪರಿಹಾರ ಕೇಳಿ ಸರ್ಕಾರದ ಮೇಲೆ ದಾವೆ ಹಾಕಬಹುದು. ಇಲ್ಲಾ ಅಂದ್ರೆ ನೇರವಾಗಿ ಮ್ಯಾಜಿಸ್ಟ್ರೇಟ್ ಮುಂದೆ ಆ ಮನುಷ್ಯನ ಮೇಲೇ ಖಾಸಗಿ ದೂರು. ಅದು ಕಷ್ಟದ್ದು."

"ಅದೇ ಹಾಕಿ," ಎಂದಳು ಮಗಳು. "ನಾನು ಬಿದ್ದೆ ಅಂತ ಬರೆದವ್ರೆ ಮೇಡಂ. ನಾನು ಬೀಳಲಿಲ್ಲ. ನನ್ನ ಹೊಡೆದ್ರು. ಒಂದು ಕಾಗದದಲ್ಲಾದ್ರೂ ಹಂಗೆ ಬರೀಬೇಕು."

"ನೋಡಿದೋರು ಯಾರಿದಾರೆ?"

ಎದುರಂಗಡಿಯ ಕ್ಷೌರಿಕ ನೋಡಿದ್ದ. ಗಿರಾಕಿಯ ಕುತ್ತಿಗೆಗೆ ಕತ್ತಿ ಹಿಡಿದುಕೊಂಡೇ ಊರ ಸುದ್ದಿಯನ್ನೆಲ್ಲ ಊದುವವನು, ಈಗ ಮಾತ್ರ ತಾನು ಬೆನ್ನು ತಿರುಗಿಸಿ ನಿಂತಿದ್ದೆ ಎನ್ನುತ್ತಿದ್ದ. ಬೇರೆಯವರೂ ಹಾಗೆಯೇ.

"ಹೋಗ್ಲಿ, ಅವತ್ತು ಹಾಕಿದ್ದ ಬಟ್ಟೆ ಇದೆಯಲ್ಲ? ಬೂಟಿನ ಗುರುತು ಇತ್ತು ಅಂದ್ರಿ. ಬಿದ್ದೋರ ಬೆನ್ನಿಗೆ ಬೂಟು ಎಲ್ಲಿಂದ ಬರುತ್ತೆ? ಅದೊಂದು ಸಾಕು."

ಮಗಳು ಅಂಗಿಯನ್ನು ಮೇಜಿನ ಮೇಲಿಟ್ಟಳು. ಲಾಯರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕ ತೆಗೆದಿಟ್ಟರು.

"ಯಾರು ಮಾಡಿದ್ದು ಇದು? ಬಟ್ಟೆ ಒಗೆದಿದ್ದಲ್ಲ ಇದು, ಕೇಸನ್ನೇ ಒಗೆದಿದ್ದು!"

ನಾನು ಬಾಯಿ ತೆರೆಯುವ ಮೊದಲೇ ಮೇಜಿನಡಿ ಮಗಳು ನನ್ನ ಕಾಲು ಒತ್ತಿದಳು. "ನಾನೇ ಮೇಡಂ. ಗೊತ್ತಾಗ್ಲಿಲ್ಲ."

ನಾನು ಸುಮ್ಮನೆ ಕೂತೆ. ಹೇಡಿಯ ಹಾಗೆ ಕೂತೆ. ದಾರಿಯಲ್ಲಿ ಕೇಳಿದ್ದಕ್ಕೆ, "ನಿನ್ನ ಯಾಕೆ ಬೈಸಬೇಕು, ಬಿಡು" ಎಂದಳು, ಅಷ್ಟೆ.

ದೂರು ದಾಖಲಾಯಿತು. ಪ್ರಮಾಣ ಮಾಡಿಸಿ ಅವಳ ಹೇಳಿಕೆ ಬರೆದುಕೊಳ್ಳುವ ದಿನ ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮ್ಯಾಜಿಸ್ಟ್ರೇಟರು ಒಳ್ಳೆಯವರ ಹಾಗೆಯೇ ಕಂಡರು. ಅವಳು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದಳು: ತಟ್ಟೆ, ಲಾಠಿ, ಬೂಟು. ಗುಮಾಸ್ತ ಟೈಪು ಮಾಡುತ್ತಿದ್ದ. ಕೊನೆಗೆ ಅಂಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಯಿತು.

"ಎಲ್ಲಿ ಹರಿದಿತ್ತಮ್ಮ?"

ಅವಳು ಬೆರಳಿಟ್ಟು ತೋರಿಸಿದಳು. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಏನೂ ಕಾಣ್ತಿಲ್ಲವಲ್ಲ."

"ರಫೂ ಮಾಡಿದೆ, ಒಗೆದೆ."

"ಯಾವಾಗ?"

"ಆಸ್ಪತ್ರೆಯಿಂದ ಬಂದ ಮೇಲೆ."

"ಒಂದೇ ಕಣ್ಣಲ್ಲಿ ಇಷ್ಟು ಸೂಕ್ಷ್ಮವಾಗಿ ಮಾಡಿದೆಯಾ?" ಅವರಿಗೆ ಆಶ್ಚರ್ಯವಾಗಿತ್ತು. "ಹಾಗಾದರೆ ಕಸುಬಿಗೇನೂ ತೊಂದರೆ ಆಗಿಲ್ಲ ಅನ್ನು."

ಅವಳು "ಹೂಂ" ಎಂದಳು.

ಗುಮಾಸ್ತನ ಬೆರಳು ಅದನ್ನೂ ಟೈಪು ಮಾಡಿತು. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಸೂಜಿಯ ಕಣ್ಣು ಎಷ್ಟು ದೂರವಿದೆಯೆಂದು ತಿಳಿಯದೆ, ದಾರದ ತುದಿಯನ್ನು ಗಾಳಿಯಲ್ಲಿ ಆಡಿಸಿ ಆಡಿಸಿ ಕೊನೆಗೆ ನನ್ನ ಕಡೆ ನೋಡದೆ ಸೂಜಿ ಕೆಳಗಿಡುವ ಹುಡುಗಿ ಅವಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಸ್ವಾಮಿ, ಅದು ಸುಳ್ಳು. ಅವಳಿಗೆ ದಾರ ಪೋಣಿಸೋಕೂ ಆಗಲ್ಲ. ಒಗೆದಿದ್ದೂ ನಾನೇ, ರಫೂ ಮಾಡಿದ್ದೂ ನಾನೇ. ಅವಳು ಆಸ್ಪತ್ರೇಲಿದ್ದಾಗ್ಲೇ ಮಾಡಿದೆ."

ಲಾಯರಮ್ಮ ಹಣೆ ಹಿಡಿದುಕೊಂಡರು. ಮ್ಯಾಜಿಸ್ಟ್ರೇಟರು ಮಗಳ ಕಡೆ ತಿರುಗಿದರು. ಅವರ ಮುಖ ಮೊದಲಿನ ಹಾಗಿರಲಿಲ್ಲ.

"ಪ್ರಮಾಣ ಮಾಡಿ ಹೇಳಿದ್ದಲ್ಲವೇನಮ್ಮ ನೀನು?"

ಮೂರು ವಾರದ ಮೇಲೆ ಆದೇಶ ಬಂತು. ದೂರುದಾರಳು ಪ್ರಮಾಣ ಮಾಡಿಯೂ ಸತ್ಯ ನುಡಿದಿಲ್ಲ, ಸ್ವಂತ ತಂದೆಯೇ ಅದನ್ನು ಅಲ್ಲಗಳೆದಿದ್ದಾನೆ, ಬೇರೆ ಸಾಕ್ಷಿಗಳಿಲ್ಲ, ಆದ್ದರಿಂದ ಆಕೆ ಮೆಟ್ಟಿಲ ಮೇಲೆ ಬಿದ್ದಳೆಂಬ ವರದಿಯನ್ನು ನಂಬದಿರಲು ಕಾರಣವಿಲ್ಲ, ದೂರು ವಜಾ. ಬಿದ್ದಳು ಎಂಬ ಮಾತು ಈಗ ಕೋರ್ಟಿನ ಕಾಗದದಲ್ಲೂ ಸೇರಿತು. ಅವಳು ಆ ಸಾಲನ್ನು ಎರಡು ಸಲ ಓದಿ ಹಾಳೆಯನ್ನು ಮಡಿಚಿದಳು.

"ಸತ್ಯ ಹೇಳಿದೆ ಕಣಮ್ಮಾ," ಎಂದೆ. ಹೇಳಬಾರದಿತ್ತು.

"ಗೊತ್ತು ಅಪ್ಪ. ಅವತ್ತು ಲಾಯರಮ್ಮನ ಮುಂದೆ ಹೇಳಿದ್ರೆ ಆಗ್ತಿತ್ತು. ಇಲ್ಲಾ ಕೋರ್ಟಲ್ಲೂ ಸುಮ್ನಿರಬೇಕಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೇಲಿನ ಕೋರ್ಟಿಗೆ ಹೋಗಬಹುದು, ಪರಿಹಾರದ ದಾವೆಯೂ ಉಳಿದಿದೆ ಎಂದು ಲಾಯರಮ್ಮ ಅರ್ಜಿ ಸಿದ್ಧಮಾಡಿ ಅವಳ ಮುಂದಿಟ್ಟರು. ಸಹಿ ಹಾಕಲು ಬಾಗಿದವಳ ಪೆನ್ನು ಕಾಗದಕ್ಕೆ ತಾಗುವ ಮೊದಲೇ ನಿಂತಿತು, ಮತ್ತೆ ಇಳಿಯಿತು, ಗೆರೆ ತಪ್ಪಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಬೇಡ ಅಪ್ಪ," ಎಂದಳು. "ತಪ್ಪಾದ್ರೆ ತಪ್ಪಾಗ್ಲಿ."

ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಅವಳು ತನ್ನ ಹೆಸರನ್ನು ಗೆರೆಯ ಕೆಳಗೆ, ಸೊಟ್ಟಗೆ, ನಿಧಾನವಾಗಿ ಬರೆದು ಮುಗಿಸುವವರೆಗೂ ನೋಡಿದೆ.